ಯಾರ ರಕ್ತ, ಯಾರ ಮನೆ

ಆರು ವರ್ಷ ಸಾಕಿದ ಮಗ ನಿಮ್ಮ ಮಗನಲ್ಲ ಎಂದು ಡಿಎನ್‌ಎ ವರದಿ ಬಂದಿದೆ. ಆಸ್ಪತ್ರೆಯಲ್ಲಿ ಶಿಶುಗಳು ಅದಲುಬದಲಾಗಿವೆ. ವರದಿ ನೋಡಿದ ಅಪ್ಪ ಎದೆ ಬಡಿದುಕೊಳ್ಳುವುದಿಲ್ಲ, ಕೂಗಾಡುವುದೂ ಇಲ್ಲ. 'ಓಹೋ, ಇದಾ ಕಾರಣ' ಎನ್ನುವಂಥ ಒಂದು ಮಾತು ಅವನ ಬಾಯಿಂದ ಬೀಳುತ್ತದೆ, ಅಷ್ಟೆ. ಪಕ್ಕದಲ್ಲಿದ್ದ ಹೆಂಡತಿ ಆ ಮಾತನ್ನು ಕೊನೆಯವರೆಗೂ ಮರೆಯುವುದಿಲ್ಲ.

ಕಾರಣ ಯಾವುದಕ್ಕೆ? ಹುಡುಗ ಮೆತ್ತಗಿದ್ದಾನೆ. ಪಿಯಾನೊ ಸರಿಯಾಗಿ ಬಾರದಿದ್ದರೂ ಅವನಿಗೆ ಬೇಸರವಿಲ್ಲ, ಇನ್ನೊಬ್ಬರು ಚೆನ್ನಾಗಿ ನುಡಿಸಿದರೆ ಖುಷಿಯಿಂದ ಚಪ್ಪಾಳೆ ತಟ್ಟುತ್ತಾನೆ. ತನ್ನ ಹೊಟ್ಟೆಯಲ್ಲಿ ಹುಟ್ಟಿದವನು ಹೀಗೆ ಸೋಲನ್ನು ಸಲೀಸಾಗಿ ಒಪ್ಪಿಕೊಳ್ಳುವುದು ಹೇಗೆ ಎಂಬ ಸಂಶಯ ಅಪ್ಪನಿಗೆ ಮೊದಲಿನಿಂದ ಇತ್ತು. ವರದಿ ಅದನ್ನು ಬಗೆಹರಿಸಿತು. ಮಗ ಕಳೆದುಹೋದ ದುಃಖಕ್ಕಿಂತ ಮುಂಚೆ ಅವನಿಗೆ ಸಿಕ್ಕಿದ್ದು ಒಂದು ಬಗೆಯ ಸಮಾಧಾನ. 'ನೂಲಿನಂತೆ ಸೀರೆ' ಎಂಬ ಗಾದೆಯನ್ನು ಇಷ್ಟು ಕ್ರೂರವಾಗಿ ನಂಬಿದ ಅಪ್ಪ ಸಿನಿಮಾದಲ್ಲಿ ಇನ್ನೊಬ್ಬನಿಲ್ಲ.

ಹಿರೊಕಾಜು ಕೊರೆಎಡ ಅವರ 'ಲೈಕ್ ಫಾದರ್, ಲೈಕ್ ಸನ್' 2013ರಲ್ಲಿ ಕಾನ್ ಚಿತ್ರೋತ್ಸವದ ಜ್ಯೂರಿ ಪ್ರಶಸ್ತಿ ಪಡೆಯಿತು. ಹೆತ್ತ ಮಕ್ಕಳೋ ಸಾಕಿದ ಮಕ್ಕಳೋ ಎಂಬ ಭಾವನಾತ್ಮಕ ಪ್ರಶ್ನೆಯ ಚಿತ್ರವೆಂದೇ ಅದನ್ನು ಎಲ್ಲರೂ ಹೊಗಳಿದರು. ತಪ್ಪೇನಲ್ಲ. ಆದರೆ ಜಪಾನಿ ಸಿನಿಮಾದಲ್ಲಿ ಯಾರಾದರೂ ರಕ್ತದ ಮಾತೆತ್ತಿದರೆ ನಾನು ಮೊದಲು ಅವರ ಮನೆ ನೋಡುತ್ತೇನೆ. ಎಷ್ಟನೇ ಮಹಡಿ, ಎಷ್ಟು ಕೋಣೆ, ಸ್ನಾನದ ತೊಟ್ಟಿಯಲ್ಲಿ ಒಟ್ಟಿಗೆ ಎಷ್ಟು ಜನ ಕೂರುತ್ತಾರೆ. ರಕ್ತಕ್ಕಿಂತ ಹೆಚ್ಚಿನ ವಿಷಯವನ್ನು ಈ ಮನೆಗಳು ಹೇಳುತ್ತವೆ.

ರ್ಯೋತಾ ಎಂಬ ಈ ಅಪ್ಪ ಟೋಕಿಯೊದ ದೊಡ್ಡ ನಿರ್ಮಾಣ ಕಂಪನಿಯಲ್ಲಿ ವಾಸ್ತುಶಿಲ್ಪಿ. ಎತ್ತರದ ಅಪಾರ್ಟ್‌ಮೆಂಟು, ಹೋಟೆಲ್ ರೂಮಿನಂತೆ ಚೊಕ್ಕ. ಮಗ ಕೇತಾನನ್ನು ಒಳ್ಳೆಯ ಖಾಸಗಿ ಶಾಲೆಗೆ ಸೇರಿಸುವ ಸಂದರ್ಶನದಿಂದಲೇ ಚಿತ್ರ ಶುರುವಾಗುತ್ತದೆ. ಬೇಸಿಗೆಯಲ್ಲಿ ಅಪ್ಪನ ಜೊತೆ ಕ್ಯಾಂಪಿಗೆ ಹೋಗಿ ಗಾಳಿಪಟ ಹಾರಿಸಿದೆ ಎನ್ನುತ್ತಾನೆ ಹುಡುಗ. ನಾವು ಯಾವಾಗ ಹೋಗಿದ್ದೆವು ಎಂದು ಹೊರಗೆ ಬಂದು ಅಪ್ಪನೇ ಕೇಳುತ್ತಾನೆ. ಹೋಗಿರಲಿಲ್ಲ. ಹಾಗೆ ಹೇಳು ಎಂದು ಟ್ಯೂಷನ್ನಿನಲ್ಲಿ ಕಲಿಸಿದ್ದಾರೆ. ಆ ಶಾಲೆಗೆ ಬೇಕಾದದ್ದು ಮಗನ ಜೊತೆ ಆಡುವ ಅಪ್ಪ. ಆ ಶಾಲೆಯ ಶುಲ್ಕ ಕಟ್ಟುವಷ್ಟು ದುಡಿಯುವ ಅಪ್ಪನಿಗೆ ಆಡಲು ಪುರುಸೊತ್ತಿಲ್ಲ.

ರ್ಯೋತಾನ ರಕ್ತದ ಮಗ ರ್ಯೂಸೆ ಬೆಳೆದದ್ದು ಗುನ್ಮಾ ಪ್ರಾಂತ್ಯದ ಮಾಯೆಬಾಶಿ ಊರಿನಲ್ಲಿ, ಒಂದು ಸಣ್ಣ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯ ಹಿಂಭಾಗದ ಮನೆಯಲ್ಲಿ. ಅಂಗಡಿಯ ಯಜಮಾನ ಯುದಾಯ್‌ಗೆ ಮೂವರು ಮಕ್ಕಳು. ಮುರಿದ ಆಟಿಕೆಗಳನ್ನು ರಿಪೇರಿ ಮಾಡಿಕೊಡುತ್ತಾನೆ, ಮಕ್ಕಳನ್ನೆಲ್ಲ ತೊಟ್ಟಿಯಲ್ಲಿ ತುಂಬಿಕೊಂಡು ಸ್ನಾನ ಮಾಡುತ್ತಾನೆ. ಜ್ಯೂಸ್ ಕುಡಿಯುವಾಗ ಸ್ಟ್ರಾದ ತುದಿಯನ್ನು ಹಲ್ಲಿನಿಂದ ಕಚ್ಚಿ ಚಪ್ಪಟೆ ಮಾಡುತ್ತಾನೆ. ಅವನು ಸಾಕಿದ ರ್ಯೂಸೆಯೂ ಹಾಗೇ ಕಚ್ಚುತ್ತಾನೆ. ಆ ಹುಡುಗ ರಕ್ತದಲ್ಲಿ ರ್ಯೋತಾನ ಮಗ; ಹಲ್ಲಿನ ಅಭ್ಯಾಸ ಮಾತ್ರ ಅಂಗಡಿಯವನದು. ಕೊರೆಎಡ ಇದನ್ನು ಎತ್ತಿ ತೋರಿಸುವುದಿಲ್ಲ, ಕಂಡವರಿಗೆ ಕಾಣಲಿ ಎಂದು ಬಿಡುತ್ತಾರೆ.

ಬಡವನನ್ನು ದೇವರು ಮಾಡುವ ಚಪಲವೂ ಅವರಿಗಿಲ್ಲ. ಯುದಾಯ್ ಮೊದಲ ಭೇಟಿಯಲ್ಲೇ ಆಸ್ಪತ್ರೆಯಿಂದ ಪರಿಹಾರ ಎಷ್ಟು ಬರಬಹುದು ಎಂದು ಲೆಕ್ಕ ಹಾಕುತ್ತಾನೆ, ತಿಂದದ್ದರ ಬಿಲ್ಲನ್ನು ಆಸ್ಪತ್ರೆಯ ಹೆಸರಿಗೆ ಬರೆಸುತ್ತಾನೆ. ಅದನ್ನು ಕಂಡು ರ್ಯೋತಾ ಮೂಗು ಮುರಿಯುತ್ತಾನೆ, ನೋಡುವ ನಾವೂ ಮುರಿಯುತ್ತೇವೆ. ಮುಂದೆ ಅದೇ ರ್ಯೋತಾ ಇಬ್ಬರು ಮಕ್ಕಳನ್ನೂ ನನಗೇ ಕೊಟ್ಟುಬಿಡಿ, ಹಣ ಕೊಡುತ್ತೇನೆ ಎನ್ನುತ್ತಾನೆ. ಯುದಾಯ್ ಅವನ ತಲೆಗೊಂದು ತಟ್ಟುತ್ತಾನೆ. ಬಿಲ್ಲು ಬರೆಸಿದವನು ದುಡ್ಡಿನ ಮನುಷ್ಯನೋ, ಮಗುವಿಗೆ ಬೆಲೆ ಕಟ್ಟಿದವನೋ?

ಇಡೀ ಚಿತ್ರದ ಕೀಲಿ ಇರುವುದು ನರ್ಸ್‌ಳ ಹೇಳಿಕೆಯಲ್ಲಿ. ಶಿಶುಗಳು ಆಕಸ್ಮಿಕವಾಗಿ ಅದಲುಬದಲಾಗಿರಲಿಲ್ಲ, ಅವಳೇ ಬೇಕೆಂದು ಮಾಡಿದ್ದಳು. ಆಗಷ್ಟೇ ಎರಡನೇ ಸಂಬಂಧಕ್ಕೆ ಮದುವೆಯಾಗಿ ಗಂಡನ ಮಕ್ಕಳನ್ನು ಸಂಭಾಳಿಸಲಾಗದೆ ಒದ್ದಾಡುತ್ತಿದ್ದವಳಿಗೆ ರ್ಯೋತಾನ ಹೆಂಡತಿ ಕಣ್ಣಿಗೆ ಬಿದ್ದಳು: ಎಲ್ಲಕ್ಕಿಂತ ದುಬಾರಿ ರೂಮು, ದೊಡ್ಡ ಕಂಪನಿಯ ಗಂಡ. ಹೊಟ್ಟೆಕಿಚ್ಚು ತಡೆಯಲಿಲ್ಲ. ಕಾನೂನಿನ ಪ್ರಕಾರ ಅವಳನ್ನು ಶಿಕ್ಷಿಸಬಹುದಾದ ಅವಧಿ ಮುಗಿದಿದೆ. ರ್ಯೋತಾ ಅವಳ ಮನೆಗೇ ಹೋಗುತ್ತಾನೆ. ಬಾಗಿಲಿಗೆ ಬಂದು ಅವಳಿಗೆ ಅಡ್ಡವಾಗಿ ನಿಲ್ಲುವವನು ಆ ಮಲಮಗ, ಈಗ ಹದಿಹರೆಯದವನು. ನಿನಗೂ ಇದಕ್ಕೂ ಸಂಬಂಧವಿಲ್ಲ ಎಂದರೆ, ಇವಳು ನನ್ನ ತಾಯಿ ಎನ್ನುತ್ತಾನೆ. ರ್ಯೋತಾ ಅವನ ಭುಜ ಮುಟ್ಟಿ ಹೊರಟುಬಿಡುತ್ತಾನೆ. ಕೇತಾ ಕದ್ದು ತೆಗೆದ ಅಪ್ಪನ ಫೋಟೊಗಳು ಕ್ಯಾಮೆರಾದಲ್ಲಿ ಸಿಗುವ ದೃಶ್ಯಕ್ಕೆ ಪ್ರೇಕ್ಷಕರು ಅತ್ತರು. ನನಗೆ ಅದು ತುಸು ಸುಲಭವಾಯಿತೆನಿಸಿದೆ. ಚಿತ್ರ ತಿರುಗುವುದು ನರ್ಸ್‌ಳ ಬಾಗಿಲಲ್ಲಿ.

ಚಿತ್ರ ಜಪಾನಿನಲ್ಲಿ ತೆರೆಕಂಡದ್ದು 2013ರ ಸೆಪ್ಟೆಂಬರಿನಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. 1953ರಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಹುಟ್ಟಿದ ಇಬ್ಬರು ಗಂಡು ಶಿಶುಗಳು ಆಸ್ಪತ್ರೆಯಲ್ಲಿ ಬದಲಾಗಿದ್ದವು. ಸ್ಥಿತಿವಂತರ ಮಗ ಬಡವರ ಮನೆ ಸೇರಿದ್ದ. ಸಾಕುತಂದೆ ಬೇಗ ತೀರಿಕೊಂಡರು. ಹುಡುಗ ಫ್ಯಾಕ್ಟರಿಯಲ್ಲಿ ದುಡಿಯುತ್ತ ರಾತ್ರಿ ಶಾಲೆ ಓದಿದ, ಲಾರಿ ಓಡಿಸಿದ. ಅವನ ಸ್ಥಾನದಲ್ಲಿ ಬೆಳೆದವನಿಗೂ ಅವನ ತಮ್ಮಂದಿರಿಗೂ ಒಳ್ಳೆಯ ಶಿಕ್ಷಣ ಸಿಕ್ಕಿತು. ವಿಷಯ ಗೊತ್ತಾದಾಗ ಲಾರಿ ಓಡಿಸಿದವನಿಗೆ ಅರವತ್ತರ ಹತ್ತಿರ. ಹೆತ್ತವರಿಬ್ಬರೂ ಆಗಲೇ ಇರಲಿಲ್ಲ. ಆಸ್ಪತ್ರೆ 3.8 ಕೋಟಿ ಯೆನ್ ಪರಿಹಾರ ಕೊಡಬೇಕೆಂದು ನ್ಯಾಯಾಲಯ ಹೇಳಿತು. ಹೆತ್ತವರನ್ನು ಕಾಣದ ನೋವಿನ ಜೊತೆಗೆ ಸಿಗಬೇಕಾಗಿದ್ದ ಓದು, ಅನುಕೂಲ ಸಿಗದೆ ಹೋದದ್ದೂ ಆ ಲೆಕ್ಕದಲ್ಲಿ ಸೇರಿತ್ತು. ಬಡ ಮನೆಯಲ್ಲಿ ಅವನ ಜೊತೆ ಬೆಳೆದ ಅಣ್ಣಂದಿರಲ್ಲೊಬ್ಬರಿಗೆ ಪಾರ್ಶ್ವವಾಯು ಹೊಡೆದಿತ್ತು. ರಕ್ತ ಸಂಬಂಧವಿಲ್ಲವೆಂದು ಗೊತ್ತಾದ ಮೇಲೂ ಅವರನ್ನು ನೋಡಿಕೊಳ್ಳುತ್ತಿದ್ದವನು ಈತನೇ.

ಜಪಾನಿಗೆ ರಕ್ತದ ಗೀಳು ಪುರಾತನವಾದದ್ದು ಎಂದುಕೊಂಡರೆ ಚರಿತ್ರೆ ಬೇರೆಯೇ ಹೇಳುತ್ತದೆ. ಅಲ್ಲಿ ದೊಡ್ಡದಾಗಿದ್ದದ್ದು ರಕ್ತವಲ್ಲ, ಮನೆತನ. 1872ರಿಂದ ಜಾರಿಗೆ ಬಂದ 'ಕೊಸೆಕಿ' ಎಂಬ ನೋಂದಣಿ ಪುಸ್ತಕದಲ್ಲಿ ಪ್ರಜೆಗಳ ಲೆಕ್ಕ ಮನೆಯ ಲೆಕ್ಕದಲ್ಲೇ ಇರುತ್ತಿತ್ತು. 1898ರ ನಾಗರಿಕ ಸಂಹಿತೆ ಮನೆಯ ಯಜಮಾನನಿಗೆ ಮದುವೆ, ವಾಸಸ್ಥಳ ಎಲ್ಲದರ ಮೇಲೂ ಅಧಿಕಾರ ಕೊಟ್ಟಿತು. ಎರಡನೇ ಮಹಾಯುದ್ಧ ಮುಗಿದ ಮೇಲಷ್ಟೇ ಅದು ರದ್ದಾಯಿತು. ಮನೆತನ ಮುಂದುವರಿಯುವುದು ಮುಖ್ಯ; ಮುಂದುವರಿಸುವವನು ಹೊಟ್ಟೆಯಲ್ಲಿ ಹುಟ್ಟಿರಲೇಬೇಕೆಂದಿಲ್ಲ. ಮಗ ದಡ್ಡನಾದರೆ ಒಸಾಕಾದ ವರ್ತಕರು ಅಂಗಡಿಯ ಚುರುಕು ಗುಮಾಸ್ತನಿಗೆ ಮಗಳನ್ನು ಕೊಟ್ಟು, ಅವನಿಗೆ ತಮ್ಮ ಹೆಸರಿಟ್ಟು ಮನೆಅಳಿಯನನ್ನಾಗಿ ಮಾಡಿಕೊಳ್ಳುತ್ತಿದ್ದರು. ಇಂದಿಗೂ ಜಪಾನಿನಲ್ಲಿ ನಡೆಯುವ ದತ್ತುಗಳಲ್ಲಿ ಬಹುಪಾಲು ವಯಸ್ಕರ ದತ್ತು. ನಮ್ಮ ರಸ್ತೆಗಳಲ್ಲಿ ಓಡಾಡುವ ಮಾರುತಿ ಕಾರಿನ ಹಿಂದೆಯೂ ಇಂಥದೇ ಕಥೆಯಿದೆ. ಸುಜುಕಿ ಕಂಪನಿಯನ್ನು ಭಾರತಕ್ಕೆ ತಂದ ಒಸಾಮು ಸುಜುಕಿ ಹುಟ್ಟಿದ್ದು ಮತ್ಸುದ ಎಂಬ ಮನೆತನದಲ್ಲಿ. ಸ್ಥಾಪಕರ ಮೊಮ್ಮಗಳನ್ನು ಮದುವೆಯಾಗಿ ಸುಜುಕಿಯಾದರು.

ಕೊನ್ ಇಚಿಕಾವ 1983ರಲ್ಲಿ ತನಿಜಾಕಿಯವರ ಕಾದಂಬರಿಯನ್ನು ಆಧರಿಸಿ ಮಾಡಿದ 'ದ ಮಕಿಯೊಕಾ ಸಿಸ್ಟರ್ಸ್'ನಲ್ಲಿ ಇಂಥದೇ ಒಸಾಕಾ ವರ್ತಕ ಕುಟುಂಬವಿದೆ. ಹಿರಿಯ ಅಕ್ಕಂದಿರ ಗಂಡಂದಿರು ಮಕಿಯೊಕಾ ಹೆಸರು ಹೊತ್ತವರು. ಅಂಗಡಿ ಕೈಬಿಟ್ಟಿದೆ, ಹೆಸರು ಮಾತ್ರ ಉಳಿದಿದೆ. ಕಿಮೋನೊಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ದೃಶ್ಯಗಳ ಚೆಲುವು ನೆನಪಿನಲ್ಲಿ ಉಳಿಯುವುದು ಅದಕ್ಕೇ. ಕಿರಿಯವಳು ಒಬ್ಬ ಫೋಟೊಗ್ರಾಫರನನ್ನು ಬಯಸಿದಾಗ ಮನೆಗೆ ಸಂಕಟವಾಗುವುದು ಅವನು ಹಿಂದೆ ಪರಿಚಯದ ಅಂಗಡಿಯಲ್ಲಿ ಆಳಾಗಿದ್ದವನು ಎಂಬ ಕಾರಣಕ್ಕೆ.

ಹಾಗಾದರೆ ರ್ಯೋತಾನ ರಕ್ತದ ನಂಬಿಕೆ ಎಲ್ಲಿಂದ ಬಂತು? ನನಗನ್ನಿಸುವುದು, ಅದು ಸಂಬಳದವರ ನಂಬಿಕೆ. ಅಂಗಡಿ ಇದ್ದವನು ಅಂಗಡಿ ಬಿಟ್ಟುಹೋಗುತ್ತಾನೆ. ಕಂಪನಿಯ ನೌಕರ ಏನು ಬಿಟ್ಟುಹೋಗುವುದು? ಕುರ್ಚಿ ಕಂಪನಿಯದು. ಅವನ ಆಸ್ತಿ ಅವನ 'ಸಾಮರ್ಥ್ಯ' ಒಂದೇ, ಅದು ಮಗನಿಗೆ ದಾಟಬೇಕಾದರೆ ರಕ್ತದಲ್ಲೇ ದಾಟಬೇಕು. ಚಿತ್ರದಲ್ಲಿ ರ್ಯೋತಾನ ತಲೆಗೆ ಇದನ್ನು ತುಂಬುವವನು ಅವನ ಅಪ್ಪ. ಮನುಷ್ಯರೂ ರೇಸಿನ ಕುದುರೆಗಳ ಹಾಗೆ, ತಳಿಯೇ ಎಲ್ಲ ಎನ್ನುವ ಆ ಮುದುಕ ಇರುವುದು ಸವೆದ ಸಣ್ಣ ಬಾಡಿಗೆ ಮನೆಯಲ್ಲಿ.

ನೌಕರನ ಮಕ್ಕಳ ಸಂಕಟವನ್ನು ಯಾಸುಜಿರೊ ಓಜು 1932ರಲ್ಲೇ ಹಿಡಿದಿದ್ದರು. 'ಐ ವಾಸ್ ಬಾರ್ನ್, ಬಟ್...' ಮೂಕಿ ಚಿತ್ರ, ಬಹುಪಾಲು ನಗೆ. ಟೋಕಿಯೊದ ಹೊರವಲಯಕ್ಕೆ ಬಂದ ಇಬ್ಬರು ಹುಡುಗರು ಓಣಿಯ ಪುಂಡರನ್ನೆಲ್ಲ ಹತೋಟಿಗೆ ತರುತ್ತಾರೆ. ಅವರು ಬೆರಳು ಸನ್ನೆ ಮಾಡಿದರೆ ಎದುರಿನವನು ಸತ್ತಂತೆ ನೆಲಕ್ಕೆ ಬೀಳಬೇಕು. ಅಪ್ಪನ ಸಾಹೇಬರ ಮಗನೂ ಬೀಳುತ್ತಾನೆ. ಒಂದು ಸಂಜೆ ಸಾಹೇಬರ ಮನೆಯಲ್ಲಿ ಎಲ್ಲರೂ ಸೇರಿ ಮನೆಯಲ್ಲೇ ತೆಗೆದ ಸಿನಿಮಾ ನೋಡುತ್ತಾರೆ. ಪರದೆಯ ಮೇಲೆ ಅಪ್ಪ ಸಾಹೇಬರನ್ನು ನಗಿಸಲು ಮುಖ ಸೊಟ್ಟ ಮಾಡುತ್ತಿದ್ದಾನೆ. ಹುಡುಗರ ಲೋಕ ಕುಸಿಯುತ್ತದೆ. ಮನೆಗೆ ಬಂದು ರಂಪ ಮಾಡಿ ಕೇಳುತ್ತಾರೆ, ಅವರಿಗೆ ಯಾಕೆ ತಲೆ ಬಾಗಿಸುತ್ತೀ? ಅವರು ಸಂಬಳ ಕೊಡುತ್ತಾರೆ ಎಂದರೆ, ತೆಗೆದುಕೊಳ್ಳಬೇಡ ಎನ್ನುತ್ತಾರೆ. ಊಟ ಬಿಡುತ್ತಾರೆ. ಬೆಳಿಗ್ಗೆ ಹಸಿವು ಗೆಲ್ಲುತ್ತದೆ. ಸಾಹೇಬರ ಕಾರು ಕಂಡಾಗ, ಹೋಗಿ ನಮಸ್ಕಾರ ಮಾಡು ಎಂದು ಅಪ್ಪನನ್ನು ಅವರೇ ಕಳಿಸುತ್ತಾರೆ. ನಾವು ಸಾಹೇಬರ ಮಗನಿಗಿಂತ ಜಾಣರು, ಗಟ್ಟಿ, ಆದರೂ ಅಪ್ಪನಿಂದಾಗಿ ಅವನಿಗಿಂತ ಕೆಳಗೆ: ಇಷ್ಟನ್ನು ಹುಡುಗರು ಒಂದು ರಾತ್ರಿಯಲ್ಲಿ ಕಲಿತರು. ಇದನ್ನು ಮಕ್ಕಳ ಚಿತ್ರವೆಂದು ಕರೆಯುವವರು ಅದನ್ನು ಇನ್ನೊಮ್ಮೆ ನೋಡಬೇಕು.

ಅಕಿರ ಕುರೋಸಾವರ 'ಹೈ ಅಂಡ್ ಲೋ' (1963) ಚಿತ್ರದಲ್ಲೂ ಇಬ್ಬರು ಹುಡುಗರು, ಅಲ್ಲೂ ಅದಲುಬದಲು. ಚಪ್ಪಲಿ ಬೂಟಿನ ಕಂಪನಿಯ ನಿರ್ದೇಶಕ ಗೊಂಡೊ ಯೊಕೊಹಾಮದ ಗುಡ್ಡದ ಮೇಲಿನ ಮನೆಯವನು. ಅವನ ಮಗನೂ ಡ್ರೈವರನ ಮಗನೂ ಕೌಬಾಯ್ ಆಟ ಆಡುತ್ತ ವೇಷ ಬದಲಾಯಿಸಿಕೊಂಡಿದ್ದಾರೆ. ಸಾಹುಕಾರನ ಮಗನೆಂದುಕೊಂಡು ಅಪಹರಣಕಾರ ಡ್ರೈವರನ ಮಗನನ್ನು ಒಯ್ಯುತ್ತಾನೆ. ತಪ್ಪು ಗೊತ್ತಾದ ಮೇಲೂ ಬೇಡಿಕೆ ಇಳಿಸುವುದಿಲ್ಲ, 3 ಕೋಟಿ ಯೆನ್. ತನ್ನ ಮಗನೆಂದುಕೊಂಡಿದ್ದಾಗ ಎಷ್ಟಾದರೂ ಕೊಡುತ್ತೇನೆ ಎನ್ನುತ್ತಿದ್ದ ಗೊಂಡೊ ಈಗ ತಡವರಿಸುತ್ತಾನೆ. ಕಂಪನಿ ಕೈವಶ ಮಾಡಿಕೊಳ್ಳಲು ಮನೆಮಾರು ಎಲ್ಲ ಒತ್ತೆಯಿಟ್ಟು ಹೊಂದಿಸಿದ ಹಣ ಅದು, ಕೊಟ್ಟರೆ ಬೀದಿಗೆ ಬೀಳುತ್ತಾನೆ. ಅದೇ ಕೋಣೆಯ ಮೂಲೆಯಲ್ಲಿ ಡ್ರೈವರ್ ನಿಂತಿದ್ದಾನೆ, ಮಾತಾಡಲೂ ಆಗದೆ, ಹೋಗಲೂ ಆಗದೆ. ಕುರೋಸಾವ ಅಗಲ ಪರದೆಯ ಉದ್ದಕ್ಕೂ ಜನರನ್ನು ನಿಲ್ಲಿಸಿ, ಯಾರು ಯಾರಿಂದ ಎಷ್ಟು ದೂರ ಎಂಬುದರಲ್ಲೇ ಕಥೆ ಹೇಳುತ್ತಾರೆ. ಕೊನೆಗೆ ಗೊಂಡೊ ಕೊಡುತ್ತಾನೆ. ಹಣದ ಚೀಲದೊಳಗೆ ಪೊಲೀಸರು ಪುಡಿ ಅಡಗಿಸಬೇಕಾದಾಗ, ಹುಡುಗನಾಗಿದ್ದಾಗ ಬೂಟು ಹೊಲಿಯುತ್ತಿದ್ದ ಹಳೆಯ ಸಲಕರಣೆ ತಂದು ತಾನೇ ನೆಲದಲ್ಲಿ ಕೂತು ಹೊಲಿಯುತ್ತಾನೆ. ಆ ಕ್ಷಣ ಅವನು ಗುಡ್ಡ ಇಳಿದ. ಅಪಹರಣಕಾರ ಇದ್ದದ್ದು ಆ ಗುಡ್ಡದ ಬುಡದಲ್ಲಿ, ಬೇಗೆಯಿಂದ ಬೇಯುವ ಗೂಡಿನಂಥ ಕೋಣೆಯಲ್ಲಿ. ಅಲ್ಲಿಂದ ತಲೆಯೆತ್ತಿದರೆ ಕಾಣುತ್ತಿದ್ದದ್ದು ಗೊಂಡೊನ ಮನೆ.

ಓಜು ಅವರ 'ಟೋಕಿಯೊ ಸ್ಟೋರಿ' (1953) ಬಗ್ಗೆ ಬೇಕಾದಷ್ಟು ಬರೆದಾಗಿದೆ, ಎರಡು ಕ್ಷಣ ಸಾಕು. ಓನೊಮಿಚಿಯಿಂದ ಬಂದ ಅಪ್ಪ ಅಮ್ಮನನ್ನು ಬ್ಯೂಟಿ ಪಾರ್ಲರ್ ನಡೆಸುವ ಮಗಳು ಶಿಗೆ ತನ್ನ ಗಿರಾಕಿಗೆ 'ಊರ ಕಡೆಯ ಪರಿಚಯದವರು' ಎನ್ನುತ್ತಾಳೆ. ಯುದ್ಧದಲ್ಲಿ ಸತ್ತ ಮಗನ ವಿಧವೆ ನೊರಿಕೊ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದಾಳೆ. ಅತ್ತೆ ಮಾವ ಬಂದಾಗ ಪಕ್ಕದ ಮನೆಯ ಬಾಗಿಲು ತಟ್ಟಿ ಸಾಕೆಯನ್ನೂ ಬಟ್ಟಲನ್ನೂ ಸಾಲ ತಂದು ಕೊಡುತ್ತಾಳೆ. ಶಿಗೆಯನ್ನು ಬೈಯುವುದು ಸುಲಭ, ನಾವೆಲ್ಲ ಬೈದಿದ್ದೇವೆ. ಆದರೆ ಅವಳಿಗೆ ದಿನದ ಗಿರಾಕಿಯ ಎದುರು ಪಟ್ಟಣದವಳಾಗಿ ಕಾಣಿಸಬೇಕಾಗಿದೆ. ನೊರಿಕೊಗೆ ಕಳೆದುಕೊಳ್ಳುವ ಅಂತಸ್ತೇ ಇಲ್ಲ.

ಕೊರೆಎಡ ಅವರ 'ಸ್ಟಿಲ್ ವಾಕಿಂಗ್' (2008) ಇದೇ ಮಾತನ್ನು ಇನ್ನಷ್ಟು ಕಟುವಾಗಿ ಆಡುತ್ತದೆ. ನಿವೃತ್ತ ಡಾಕ್ಟರರ ಹಿರಿಮಗ ಮುಳುಗುತ್ತಿದ್ದ ಒಬ್ಬ ಹುಡುಗನನ್ನು ಉಳಿಸಲು ಹೋಗಿ ಸತ್ತಿದ್ದಾನೆ. ಪ್ರತಿ ವರ್ಷದ ತಿಥಿಗೆ ಆ ಹುಡುಗ ಬರಲೇಬೇಕು. ದಪ್ಪಗಾಗಿ, ಗಟ್ಟಿ ಕೆಲಸವಿಲ್ಲದೆ, ಬೆವರುತ್ತ ಬಂದು ಕೂತು ಹೋಗುತ್ತಾನೆ. ಇಂಥ ನಾಲಾಯಕ್ಕಿಗಾಗಿ ನನ್ನ ಮಗ ಸಾಯಬೇಕಿತ್ತೇ ಎಂದು ಡಾಕ್ಟರರು ಗೊಣಗುತ್ತಾರೆ. ಉಳಿದವನೂ ಡಾಕ್ಟರಾಗಿದ್ದರೆ ಪ್ರಾಯಶಃ ಸಾವಿಗೆ ಅರ್ಥ ಸಿಗುತ್ತಿತ್ತು.

2018ರ 'ಶಾಪ್‌ಲಿಫ್ಟರ್ಸ್' ಹೊತ್ತಿಗೆ ಕೊರೆಎಡ ಒಂದೇ ಮನೆಗೆ ಇಳಿದರು. ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡ ಹಳೆಯ ಮನೆ, ಆರು ಜನ, ಯಾರಿಗೂ ಯಾರೂ ರಕ್ತದವರಲ್ಲ. ಸುಮಿದಾ ನದಿಯ ಪಟಾಕಿ ಹಬ್ಬದ ರಾತ್ರಿ ಎಲ್ಲರೂ ಜಗುಲಿಗೆ ಬಂದು ಮೇಲೆ ನೋಡುತ್ತಾರೆ. ಸದ್ದು ಕೇಳುತ್ತದೆ, ಬೆಳಕು ಕಾಣುವುದಿಲ್ಲ, ಕಟ್ಟಡಗಳು ಅಡ್ಡ. ಆದರೂ ಅವರು ಸಂತೋಷವಾಗಿಯೇ ನೋಡುತ್ತಾರೆ.

ಈ ಕುಟುಂಬ ನಿಂತಿರುವುದು ಪ್ರೀತಿಯೊಂದರ ಮೇಲೆ ಅಲ್ಲ. ಅಜ್ಜಿಯ ಪಿಂಚಣಿ ಇದೆ. ಅವಳನ್ನು ಬಿಟ್ಟ ಗಂಡನ ಎರಡನೇ ಸಂಸಾರದ ಮಗ ಲಕೋಟೆಯಲ್ಲಿಟ್ಟು ಕೊಡುವ ದುಡ್ಡಿದೆ. ಮನೆಯ 'ಅಪ್ಪ' ಒಸಾಮು ಕಟ್ಟಡದ ಕೆಲಸದಲ್ಲಿ ಕಾಲು ಮುರಿದುಕೊಂಡರೆ ದಿನಗೂಲಿಯವನಿಗೆ ಪರಿಹಾರ ಇಲ್ಲ. 'ಅಮ್ಮ' ನೊಬುಯೊ ದುಡಿಯುವ ಲಾಂಡ್ರಿ ಕಾರ್ಖಾನೆಯಲ್ಲಿ ಇಬ್ಬರಲ್ಲಿ ಒಬ್ಬರು ಬಿಡಬೇಕು, ಯಾರೆಂದು ನೀವೇ ತೀರ್ಮಾನಿಸಿ ಎನ್ನುತ್ತಾನೆ ಮೇಲ್ವಿಚಾರಕ. ನಿನ್ನ ಮನೆಯಲ್ಲಿರುವ ಆ ಹೆಣ್ಣುಮಗುವಿನ ವಿಷಯ ನನಗೆ ಗೊತ್ತು ಎಂದು ಗೆಳತಿ ಹೆದರಿಸುತ್ತಾಳೆ. ನೊಬುಯೊ ಕೆಲಸ ಬಿಡುತ್ತಾಳೆ. ಬಡವರು ಬಡವರನ್ನೇ ತಳ್ಳುವಂತೆ ಮಾಡುವ ಇಂಥ ವ್ಯವಸ್ಥೆಯನ್ನು ಒಂದು ಚಿಕ್ಕ ಮಾತುಕತೆಯಲ್ಲಿ ತೋರಿಸುವುದು ಸಣ್ಣ ವಿದ್ಯೆಯಲ್ಲ.

ಆ ಹೆಣ್ಣುಮಗು ಯುರಿ ಹೆತ್ತವರ ಮನೆಯಲ್ಲಿ ಹೊಡೆತ ತಿಂದು ಬಾಲ್ಕನಿಯಲ್ಲಿ ಚಳಿಯಲ್ಲಿ ಕೂತಿದ್ದವಳು. ಸ್ನಾನದ ತೊಟ್ಟಿಯಲ್ಲಿ ಅವಳ ತೋಳಿನ ಸುಟ್ಟ ಕಲೆಯ ಪಕ್ಕ ನೊಬುಯೊಳ ತೋಳಿನ ಇಸ್ತ್ರಿಪೆಟ್ಟಿಗೆಯ ಕಲೆ. ಇಬ್ಬರ ಕಲೆಯೂ ಒಂದೇ ಥರ. ಹುಡುಗಿ ಬೆರಳಿನಿಂದ ಸವರುತ್ತಾಳೆ. ಡಿಎನ್‌ಎ ಬದಲು ಇದನ್ನೇ ಸಾಕ್ಷಿಯಾಗಿ ಒಪ್ಪಬಹುದು ಎನಿಸುವ ಹೊತ್ತಿಗೆ ಕೊರೆಎಡ ನಮ್ಮ ಕಾಲಡಿಯ ಜಮಖಾನ ಎಳೆಯುತ್ತಾರೆ. ಹುಡುಗ ಶೋತಾ ಕಳ್ಳತನದಲ್ಲಿ ಸಿಕ್ಕಿಬಿದ್ದು ಆಸ್ಪತ್ರೆ ಸೇರಿದಾಗ ಈ 'ಅಪ್ಪ ಅಮ್ಮ' ಗಂಟುಮೂಟೆ ಕಟ್ಟಿ ಅವನನ್ನು ಬಿಟ್ಟು ಓಡಲು ನೋಡುತ್ತಾರೆ. ಅಜ್ಜಿ ಸತ್ತಾಗ ಪಿಂಚಣಿ ನಿಲ್ಲಬಾರದೆಂದು ಮನೆಯೊಳಗೇ ಹೂತಿರುತ್ತಾರೆ. ಸತ್ತ ಹೆತ್ತವರನ್ನು ಮುಚ್ಚಿಟ್ಟು ಪಿಂಚಣಿ ಪಡೆದ ಕುಟುಂಬಗಳ ಸುದ್ದಿ 2010ರಲ್ಲಿ ಜಪಾನಿನಲ್ಲಿ ದೊಡ್ಡದಾಗಿತ್ತು. ಚಿತ್ರ ಹುಟ್ಟಿದ್ದೂ ಅಂಥ ಸುದ್ದಿಗಳಿಂದಲೇ. ವಿಚಾರಣೆಯಲ್ಲಿ ಅಧಿಕಾರಿಣಿ ಕೇಳುತ್ತಾಳೆ, ಮಕ್ಕಳು ನಿನ್ನನ್ನು ಏನೆಂದು ಕರೆಯುತ್ತಿದ್ದರು? ನೊಬುಯೊ ಪಾತ್ರದ ಸಕುರಾ ಆಂಡೊ ಉತ್ತರ ಕೊಡುವುದಿಲ್ಲ. ಅಂಗೈಯಿಂದ ಮತ್ತೆಮತ್ತೆ ಮುಖ ಒರೆಸಿಕೊಳ್ಳುತ್ತಾರೆ. ಯುರಿಯನ್ನು ಕಾನೂನು ಹೆತ್ತ ತಾಯಿಗೇ ಒಪ್ಪಿಸುತ್ತದೆ.

ಇದಕ್ಕೆ ಎದುರಾಗಿ ನಿಲ್ಲಿಸಿ ನೋಡಬೇಕಾದ ಚಿತ್ರ ನವೊಮಿ ಕವಾಸೆ ಅವರ 'ಟ್ರೂ ಮದರ್ಸ್' (2020). ಹೆತ್ತವರ ನಂಟು ಕಾನೂನಿನಲ್ಲೇ ಕಡಿದು ಮಗುವನ್ನು ಸಾಕುವವರ ಸ್ವಂತದ್ದಾಗಿಸುವ ವಿಶೇಷ ದತ್ತು ಜಪಾನಿಗೆ ಬಂದದ್ದು 1988ರಲ್ಲಿ, ಅಷ್ಟು ತಡವಾಗಿ. ಚಿತ್ರದ ದಂಪತಿ ಹೀಗೆ ಮಗು ಪಡೆದು ಟೋಕಿಯೊ ಕೊಲ್ಲಿಯ ಎತ್ತರದ ಕಟ್ಟಡದಲ್ಲಿ ಸುಖವಾಗಿದ್ದಾರೆ. ಒಂದು ದಿನ ಒಬ್ಬಳು ಬಂದು ನಾನೇ ಹೆತ್ತವಳು, ಮಗು ಕೊಡಿ, ಇಲ್ಲವೇ ದುಡ್ಡು ಕೊಡಿ ಎನ್ನುತ್ತಾಳೆ. ನೀನು ಅವಳಲ್ಲ ಎನ್ನುತ್ತಾರೆ ದಂಪತಿ, ಪ್ರಾಮಾಣಿಕವಾಗಿಯೇ. ಹೆರಿಗೆಯಾದಾಗ ಅವಳು ಶಾಲಾ ಹುಡುಗಿ. ಆಮೇಲಿನ ವರ್ಷಗಳಲ್ಲಿ ಮನೆ ಬಿಟ್ಟು, ಪೇಪರ್ ಹಾಕಿ, ಸಾಲಗಾರರಿಂದ ಓಡಿ ಗುರುತು ಸಿಗದಂತಾಗಿದ್ದಾಳೆ.

'ಶಾಪ್‌ಲಿಫ್ಟರ್ಸ್' ಕಾನ್‌ನಲ್ಲಿ ಪಾಮ್ ಡಿ'ಓರ್ ಗೆದ್ದಿತು. 1997ರಲ್ಲಿ ನಿರ್ದೇಶಕ ಇಮಾಮುರ ಗೆದ್ದ ಬಳಿಕ ಜಪಾನಿಗೆ ಅದೇ ಮೊದಲು. ಜಪಾನಿನ ಬಡತನವನ್ನೂ ಕಳ್ಳರನ್ನೂ ಲೋಕಕ್ಕೆ ತೋರಿಸಿದರು ಎಂದು ಕೆಲವರು ಸಿಡುಕಿದರು. ಶಿಕ್ಷಣ ಸಚಿವರು ನಿರ್ದೇಶಕರನ್ನು ಕರೆದು ಅಭಿನಂದಿಸಲು ಮುಂದಾದಾಗ ಕೊರೆಎಡ ಬೇಡವೆಂದರು. ಸಿನಿಮಾ ಒಂದು ಕಾಲದಲ್ಲಿ ರಾಷ್ಟ್ರಹಿತದ ಜೊತೆ ಒಂದಾಗಿ ದೊಡ್ಡ ದುರಂತ ತಂದಿದೆ, ಆದ್ದರಿಂದ ಅಧಿಕಾರದಿಂದ ದೂರವಿರುತ್ತೇನೆ ಎಂಬರ್ಥದಲ್ಲಿ ಬರೆದರು. ಆ ಯುದ್ಧಕಾಲದ ಸರಕಾರ ಇಡೀ ದೇಶವೇ ಒಂದು ಕುಟುಂಬ, ಚಕ್ರವರ್ತಿಯೇ ತಂದೆ ಎಂದು ಶಾಲೆಗಳಲ್ಲಿ ಕಲಿಸಿತ್ತು. ಸರಕಾರದ ಸಹಾಯಧನ ಪಡೆದವನಿಗೆ ಇಷ್ಟು ಬಿಗುಮಾನವೇ ಎಂಬ ಟೀಕೆ ಬಂತು. ಉಂಡ ಮನೆಯ ಋಣದ ಮಾತು ಅಲ್ಲೂ ಇದೆ. ಸಹಾಯಧನಕ್ಕೆ ಕೃತಜ್ಞತೆ ಹೇಳಿ, ಅಭಿನಂದನೆಗೆ ಹೋಗದೆ, ಕೊರೆಎಡ ಮುಂದಿನ ಚಿತ್ರಕ್ಕಾಗಿ ಪ್ಯಾರಿಸ್ಸಿಗೆ ಹೋದರು. ಅದೂ ಒಬ್ಬ ತಾಯಿ ಮತ್ತು ಮಗಳ ಕಥೆಯೇ. ಆದರೆ ಅಲ್ಲಿ ಮನೆ ದೊಡ್ಡದು, ಸುತ್ತ ತೋಟವಿದೆ, ತಾಯಿ ಹೆಸರಾಂತ ನಟಿ, ಜಗಳವೆಲ್ಲ ಅವಳು ತನ್ನ ಆತ್ಮಕಥೆಯಲ್ಲಿ ಬರೆದ ಸುಳ್ಳುಗಳ ಬಗ್ಗೆ.